ಬೀಗ ಹಾಕಿದ ಸಮುದ್ರ

೧೨ ಜುಲೈ ೨೦೦೩, ಶನಿವಾರ

ಕೊಡೆ ಮುಚ್ಚಿಕೊಂಡಿದೆ. ಬೆಳಗ್ಗೆ ಲೈಟು ಹಾಕಿ ಎಷ್ಟು ಹೊತ್ತಾದರೂ ಬಿಚ್ಚಲಿಲ್ಲ. ಡ್ಯೂಟಿ ಮುಗಿಸಿ ಬಂದು ನೋಡಿದರೂ ಹಾಗೇ ಇದೆ. ಕೊಡೆ ಎಂದು ನಾನೇ ಹೆಸರಿಟ್ಟ ಈ ಹವಳ ನನ್ನ ಗಾಜಿನ ತೊಟ್ಟಿಗೆ ಬಂದು ಒಂದೂವರೆ ವರ್ಷವಾಯಿತು, ಒಂದು ದಿನವೂ ಹೀಗೆ ಮುಖ ತಿರುಗಿಸಿದ್ದಿಲ್ಲ. ಬಿಚ್ಚಿದರೆ ಅಂಗೈ ಅಗಲ, ಮೈತುಂಬ ಸಣ್ಣ ಬೆರಳುಗಳು ನೀರಿನ ಜೊತೆ ಆಡುತ್ತಿರುತ್ತವೆ. ಈಗ ಹಳೇ ಚಪ್ಪಲಿಯ ಚರ್ಮದ ಹಾಗೆ ಸುರುಟಿಕೊಂಡು ಕೂತಿದೆ.

ಮನೆಯಲ್ಲಿ ಏನು ಬದಲಾಗಿದೆ ಎಂದು ಯೋಚಿಸಿದೆ. ಉಪ್ಪುನೀರು ಅದೇ, ಮಂಗಳೂರಿನ ಮೀನು ಲಾರಿಯವನು ಕ್ಯಾನಿನಲ್ಲಿ ತಂದುಕೊಡುವ ಸಮುದ್ರದ ನೀರು. ಲೈಟು ಅದೇ. ಪಂಪು ಅದೇ. ಮೇ ತಿಂಗಳಲ್ಲಿ ಕಿರಣನ ಮದುವೆಯಾಗಿ ಸೊಸೆ ಬಂದಿದ್ದಾಳೆ. ಬೇರೇನೂ ಬದಲಾಗಿಲ್ಲ.

ನಾನು ಯಾರ ಮೇಲೂ ಹೇಳುತ್ತಿಲ್ಲ. ಆದರೆ ಅರಸೀಕೆರೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೂತು ಕೂದಲು ಬೆಳ್ಳಗಾದವನು ನಾನು. ಮೇಲೆ ಬಟ್ಟೆ ಎಂದು ಬರೆದು ಒಳಗೆ ಒಣಮೆಣಸಿನಕಾಯಿ ತುಂಬಿದ ಮೂಟೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಈ ಹವಳದ ಹುಚ್ಚು ಹಿಡಿದದ್ದೂ ಅಲ್ಲೇ. ಯಾರದೋ ಥರ್ಮೋಕೋಲ್ ಡಬ್ಬಿ ಸೋರುತ್ತಿತ್ತು, ಅನುಮಾನ ಬಂದು ತೆಗೆಸಿದೆ. ಒಳಗೆ ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ನೇರಳೆ ಬಣ್ಣದ ಜೀವವೊಂದು ಉಸಿರಾಡುತ್ತಿತ್ತು. ಅನುಮಾನ ಪಡದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

೧೫ ಜುಲೈ, ಮಂಗಳವಾರ

ಇವತ್ತೂ ಮುಚ್ಚಿದೆ. ಮೈಮೇಲೆ ಮೇಣದಂಥ ಪೊರೆ ಕಟ್ಟಿದೆ. ಸೊಸೆಯನ್ನು ಕರೆದು, ಮುಂದಿನ ರೂಮು ಒರೆಸುವ ನೀರಿಗೆ ಏನು ಹಾಕುತ್ತೀಯ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಫಿನಾಯಿಲ್ ಹಜಾರಕ್ಕೆ ಮಾತ್ರ, ತೊಟ್ಟಿ ಇರುವ ರೂಮಿಗೆ ಹಾಕಬಾರದು ಎಂದು ತಾನು ಬಂದ ದಿನವೇ ಅತ್ತೆ ಹೇಳಿದ್ದಾರೆ ಎಂದಳು. ಒಂದು ಕ್ಷಣವೂ ತಡವರಿಸಲಿಲ್ಲ. ಮೊದಲೇ ಕಟ್ಟಿಟ್ಟುಕೊಂಡ ಉತ್ತರ ಹೀಗೇ ಬರುವುದು.

ರುಕ್ಮಿಣಮ್ಮನಿಗೆ ಕೋಪ ಬಂತು. ನನ್ನ ಹೆಂಡತಿಗೆ ಸೊಸೆ ಬಂದ ಮೇಲೆ ನನ್ನ ಮೇಲಿನ ಕೋಪ ಜಾಸ್ತಿಯಾಗಿದೆ. ತನಗೆ ಜ್ವರ ಬಂದು ಮಲಗಿದಾಗ ಯಾಕೆ ಬಂತು ಎಂದು ಕೇಳದ ಮನುಷ್ಯ, ಕಲ್ಲಿಗಂಟಿದ ಹುಳ ಮುಖ ಬಾಡಿಸಿದರೆ ಮನೆಯವರನ್ನೆಲ್ಲ ಕಟಕಟೆ ಹತ್ತಿಸುತ್ತಾನೆ ಎಂದು ಅಡುಗೆಮನೆಯಿಂದಲೇ ಹೇಳಿದಳು.

ಬೇಲೂರಿಗೆ ಫೋನ್ ಮಾಡಿದೆ. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ತಿಮ್ಮೇಶನ ಮನೆಯಲ್ಲೂ ಹವಳದ ತೊಟ್ಟಿ ಇದೆ. ಈ ಸುತ್ತಿನಲ್ಲಿ ನನಗೆ ಗೊತ್ತಿದ್ದ ಹಾಗೆ ನಾವಿಬ್ಬರೇ. ಅದು ಪೊರೆ ಬಿಡುತ್ತಿದೆ ಅಣ್ಣ, ಆ ಜಾತಿಯ ಹವಳ ಆಗಾಗ ಹಾಗೆ ಮಾಡುತ್ತದೆ, ಸುಮ್ಮನೆ ಬಿಡಿ ಎಂದ. ನೋಡದೆಯೇ ಅಷ್ಟು ಖಚಿತವಾಗಿ ಹೇಗೆ ಹೇಳಿದ? ಹೋದ ಸಲ ಬಂದಾಗ ನನ್ನ ಕೆಂಡದ ಮುಂದೆ ಬಹಳ ಹೊತ್ತು ನಿಂತಿದ್ದ. ಕೆಂಡ ಎಂದರೆ ನನ್ನ ತೊಟ್ಟಿಯ ರಾಜ. ಅಂಗಿಯ ಗುಂಡಿಯಷ್ಟಗಲದ ಮುಖಗಳು ಒಂದೇ ಕಲ್ಲಿಗೆ ಗುಂಪಾಗಿ ಅಂಟಿರುತ್ತವೆ, ನಡುವೆ ಕಿತ್ತಳೆ, ಅಂಚಿಗೆ ಎಳೆ ಹಸಿರು. ಬೆಂಗಳೂರಿನ ಅಂಗಡಿಯವನಿಗೂ ಅದು ಮತ್ತೆ ಸಿಕ್ಕಿಲ್ಲವಂತೆ. ಒಂದು ಚೂರು ಕತ್ತರಿಸಿ ಕೊಡಿ ಎಂದು ತಿಮ್ಮೇಶ ಕೇಳಿದ್ದ. ಇನ್ನೂ ಬೆಳೆಯಲಿ ಎಂದಿದ್ದೆ.

೧೯ ಜುಲೈ, ಶನಿವಾರ

ಪೊರೆ ಉದುರಿತು. ಕೊಡೆ ಬಿಚ್ಚಿದೆ, ಮೊದಲಿಗಿಂತ ಚೆನ್ನಾಗಿಯೇ ಇದೆ. ತಿಮ್ಮೇಶ ಹೇಳಿದ್ದು ಈ ಸಲ ಹೊಂದಿಕೆಯಾಯಿತು.

ಆದರೂ ಒಂದು ಪಾಠ ಕಲಿತೆ. ತೊಟ್ಟಿಯ ನೀರು ದಿನಾ ಒಂದಷ್ಟು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ದಿನಾ ಸಿಹಿನೀರು ಸೇರಿಸಬೇಕು. ನಮ್ಮ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಕಟ್ಟುವಷ್ಟು ಗಡಸು, ಹಾಗಾಗಿ ಮಳೆನೀರನ್ನೇ ಹಿಡಿದಿಡುತ್ತೇನೆ. ಅದು ಇಷ್ಟು ದಿನ ಹಿತ್ತಿಲಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿತ್ತು. ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲು. ಇವತ್ತು ನೋಡಿದರೆ ಡ್ರಮ್ಮಿನ ಮುಚ್ಚಳ ಓರೆಯಾಗಿತ್ತು. ಕೈ ಹಾಕುವವರಿಗೆ ಯಾವ ಅಡ್ಡಿಯೂ ಇಲ್ಲ.

ಅಟ್ಟದಿಂದ ಅಜ್ಜಿಯ ಕಾಲದ ತಾಮ್ರದ ಹಂಡೆ ಇಳಿಸಿದೆ. ಹುಣಸೆಹಣ್ಣು, ಉಪ್ಪು ಹಾಕಿ ನಾನೇ ತಿಕ್ಕಿದೆ. ಮುಖ ನೋಡಿಕೊಳ್ಳುವ ಹಾಗೆ ಹೊಳೆಯಿತು. ಮಳೆನೀರನ್ನೆಲ್ಲ ಅದಕ್ಕೆ ಸುರಿದು ತೊಟ್ಟಿಯ ಪಕ್ಕದಲ್ಲೇ ಇಟ್ಟೆ. ತಾಮ್ರಕ್ಕಿಂತ ಶುದ್ಧವಾದದ್ದು ಯಾವುದಿದೆ, ದೇವರ ತೀರ್ಥ ಇಡುವುದೇ ತಾಮ್ರದಲ್ಲಿ. ರೂಮಿಗೆ ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿ.

ನೆಮ್ಮದಿಯಾಗಿದೆ.

೮ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಮನೆಯ ತಾಮ್ರ ಹಿತ್ತಾಳೆಯೆಲ್ಲ ತೊಳೆಯುವ ದಿನ. ಹಂಡೆಯನ್ನೂ ಮತ್ತೆ ತಿಕ್ಕಿ, ಹೊಸ ಮಳೆನೀರು ತುಂಬಿದೆ. ಈಗ ವಾರಕ್ಕೊಮ್ಮೆ ತಿಕ್ಕುವುದೆಂದು ಇಟ್ಟುಕೊಂಡಿದ್ದೇನೆ.

ಸಂಜೆ ಅರಿಸಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಬಂದರು. ತೊಟ್ಟಿ ತೋರಿಸಿ ಎಂದು ರುಕ್ಮಿಣಮ್ಮ ಹಟ ಹಿಡಿದಳು. ಬೀಗ ತೆಗೆದೆ. ಎದುರುಮನೆ ಕಮಲಾಕ್ಷಮ್ಮ, ಇದು ಹವಳ ಅಂದ್ರೆ ಉಂಗುರಕ್ಕೆ ಕೂರಿಸೋದೇನಾ, ಒಂದೆರಡು ಕಿತ್ತುಕೊಟ್ಟರೆ ಮೊಮ್ಮಗಳಿಗೆ ಸರ ಮಾಡಿಸ್ತೀನಿ ಎಂದರು. ಸೊಸೆ ನಕ್ಕಳು. ಅವಳೇ ಎಲ್ಲರಿಗೂ, ಇದು ಕೊಡೆ, ಇದು ಅಣಬೆ, ಇದು ಕೆಂಡ, ಇದನ್ನು ಮುಟ್ಟಬಾರದು ಎಂದು ಹೆಸರು ಹೇಳುತ್ತಿದ್ದಳು. ಯಾರು ಹೇಳಿಕೊಟ್ಟರು ಇವಳಿಗೆ? ನಾನಂತೂ ಅಲ್ಲ. ಹೊರಗಿನಿಂದ ಕಿವಿಗೊಟ್ಟು ಕೇಳಿಸಿಕೊಂಡಿರಬೇಕು.

ಎಲ್ಲರೂ ಹೋದ ಮೇಲೆ ನೋಡಿದರೆ ಅಣಬೆಯಾಕಾರದ ನೀಲಿ ಹವಳಗಳು ಕುಗ್ಗಿವೆ. ಗಾಜಿನ ಮೇಲೆ ಕುಂಕುಮದ ಬೊಟ್ಟು. ಯಾರಿಟ್ಟದ್ದು ಎಂದೆ. ನಾನೇ ಮಾವ, ಹಬ್ಬ ಅಲ್ವಾ ಎಂದಳು ಸೊಸೆ. ಬೈದೆ. ಅಳಲಿಲ್ಲ, ಒದ್ದೆ ಬಟ್ಟೆ ತಂದು ಒರೆಸಿ ಹೋದಳು.

೧೩ ಆಗಸ್ಟ್, ಬುಧವಾರ

ಗಾಜಿನ ಪಾಚಿ ತಿನ್ನಲೆಂದು ತೊಟ್ಟಿಗೆ ಬಿಟ್ಟಿದ್ದ ಬಸವನಹುಳಗಳು ಸತ್ತು ತಳಕ್ಕೆ ಬಿದ್ದಿವೆ. ಅಣಬೆಗಳು ಕಡಲೆಬೇಳೆಯಷ್ಟಾಗಿವೆ. ಕುಂಕುಮ ಹೊರಗಿನ ಗಾಜಿಗೆ ಹಚ್ಚಿದ್ದು, ಅದರಿಂದ ಸಾಯುವುದಿಲ್ಲ ಎಂದು ನನಗೂ ಗೊತ್ತು. ಅಂದರೆ ಒಳಗೆ ಬೇರೇನೋ ಬೀಳುತ್ತಿದೆ. ಬೀಗ ಹಾಕಿಯೂ ಬೀಳುತ್ತಿದೆ.

ನಿನ್ನೆ ಡ್ಯೂಟಿಗೆ ಹೋಗುವಾಗ ಬಾಗಿಲಿಗೆ ಅಡ್ಡಲಾಗಿ ಹೊಲಿಗೆ ದಾರ ಕಟ್ಟಿದ್ದೆ. ಬಂದು ನೋಡಿದರೆ ಹರಿದಿತ್ತು. ಆಮೇಲೆ ವಿಚಾರಿಸಿದರೆ ಹರಿದದ್ದು ರುಕ್ಮಿಣಮ್ಮ. ಬಾಗಿಲಿಗೆ ಜೇಡ ಕಟ್ಟಿದೆ ಅಂದುಕೊಂಡು ಪೊರಕೆಯಲ್ಲಿ ಹೊಡೆದಳಂತೆ.

ತಿಮ್ಮೇಶ ಎರಡು ಸಲ ಫೋನ್ ಮಾಡಿದ. ನೀರು ಸ್ವಲ್ಪ ತಂದು ತೋರಿಸಿ, ಪರೀಕ್ಷೆ ಮಾಡೋಣ ಎಂದ. ಇವನಿಗೆ ನನ್ನ ತೊಟ್ಟಿ ಹಾಳಾಗಿದೆ ಎಂದು ಹೇಳಿದವರು ಯಾರು? ಕಿರಣ ಕೆಲಸಕ್ಕೆ ದಿನಾ ಹಳೇಬೀಡಿನ ಮೇಲೆ ಬೇಲೂರಿಗೇ ಹೋಗಿಬರುತ್ತಾನೆ. ಗಂಡ ಹೆಂಡತಿ ಸೇರಿ ಅಲ್ಲಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ. ಇನ್ನು ಮೇಲೆ ತಿಮ್ಮೇಶನ ಫೋನ್ ಬಂದರೆ ನಾನಿಲ್ಲ ಎಂದು ಹೇಳಲು ಹೇಳಿದ್ದೇನೆ.

೨೦ ಆಗಸ್ಟ್, ಬುಧವಾರ

ಸಿಕ್ಕಿತು.

ಕೆಂಡದ ಒಂದು ಮೂಲೆ ಇಲ್ಲ. ತಾನಾಗಿ ಉದುರಿದ್ದಲ್ಲ, ಬ್ಲೇಡಿನಲ್ಲಿ ಕಲ್ಲಿನ ಚೂರಿನ ಸಮೇತ ಎಬ್ಬಿಸಿದ ಗುರುತಿದೆ. ನಾನು ಸ್ನಾನಕ್ಕೆ ಹೋದಾಗ ಅಂಗಿ ಗೂಟಕ್ಕೆ ತಗುಲಿಹಾಕುತ್ತೇನೆ, ಕೀಲಿ ಅದರ ಜೇಬಿನಲ್ಲೇ ಇರುತ್ತದೆ. ಮನೆಯವರಲ್ಲದೆ ಇದು ಯಾರಿಗೆ ಗೊತ್ತು?

ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆಯೇ ಕೇಳಿದೆ. ಕೆಂಡ ಕತ್ತರಿಸಿದವರು ಯಾರು? ರುಕ್ಮಿಣಮ್ಮ ಸಾರಿನ ಸೌಟು ಹಿಡಿದು ನಿಂತಳು. ಕಿರಣ ಏನೋ ಹೇಳಲು ಬಾಯಿ ತೆಗೆದ. ಸೊಸೆ ಅವನ ಕಡೆ ನೋಡಿದಳು, ಅವನು ಬಾಯಿ ಮುಚ್ಚಿದ. ಆ ನೋಟ ನನಗೆ ಸಾಕಾಗಿತ್ತು.

"ಈ ಮನೇಲಿ ಕಳ್ಳತನ ಇರ್ಲಿಲ್ಲ. ಈಗ ಬಂದಿದೆ" ಎಂದೆ.

ಕಿರಣ ಅರ್ಧ ಊಟ ಬಿಟ್ಟು ಎದ್ದ. ಸೊಸೆ ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇಲ್ಲ ಎಂದು ಒಂದು ಮಾತು ಹೇಳಲಿಲ್ಲ. ಮಾಡದವರು ಇಲ್ಲ ಎನ್ನುವುದಿಲ್ಲವೇ?

೨೯ ಆಗಸ್ಟ್, ಶುಕ್ರವಾರ

ನಾಳೆ ಗೌರಿ. ಸೊಸೆಗೆ ಮೊದಲ ಗೌರಿ ಹಬ್ಬ, ತವರಿಗೆ ಕರೆದುಕೊಂಡು ಹೋಗಲು ಕಣಕಟ್ಟೆಯಿಂದ ಅವಳ ಅಪ್ಪ ಕಾಳಯ್ಯ ಬಂದಿದ್ದರು. ಎಳನೀರಿನ ಗೊನೆಯನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಒಳ್ಳೆಯ ಮನುಷ್ಯ, ಮಾತು ಕಡಮೆ.

ಕೊಡೆಯೂ ಬಾಗಿಬಿಟ್ಟಿದೆ ಇವತ್ತು. ನನ್ನ ತಲೆ ನನ್ನ ಹತ್ತಿರ ಇರಲಿಲ್ಲ. ಸೊಸೆ ಬ್ಯಾಗ್ ಹಿಡಿದು ಹೊರಟಾಗ ಬಾಗಿಲಲ್ಲಿ ನಿಂತು, ಅದನ್ನು ಒಂದು ಸಲ ತೆಗೆದು ತೋರಿಸು ಎಂದೆ. ಆಫೀಸಿನಲ್ಲಿ ದಿನಾ ಎಷ್ಟು ಜನರಿಗೆ ಹೇಳುವುದಿಲ್ಲ. ಅದರಲ್ಲಿ ತಪ್ಪೇನಿದೆ?

ಕಾಳಯ್ಯನವರಿಗೆ ಅರ್ಥವಾಗಲಿಲ್ಲ. "ಏನ್ ಬೀಗರೇ, ಏನಾದ್ರೂ ಮರ್ತವ್ಳಾ?" ಎಂದರು.

ಅವಳು ಕೂತು ಜಿಪ್ ಎಳೆದಳು. ಎರಡು ಸೀರೆ, ರವಿಕೆ, ಒಳಬಟ್ಟೆ, ಅಮ್ಮನಿಗೆಂದು ಬಳೆಯ ಪೊಟ್ಟಣ. ಒಂದೊಂದನ್ನೇ ತೆಗೆದು ನೆಲದ ಮೇಲಿಟ್ಟಳು. ಕಾಳಯ್ಯ ಗೋಡೆಯ ಕಡೆ ತಿರುಗಿಕೊಂಡರು. ಏನೂ ಸಿಗಲಿಲ್ಲ. ಮೊದಲೇ ಸಾಗಿಸಿದ್ದಾಳೆ ಎಂದಾಯಿತು.

ರುಕ್ಮಿಣಮ್ಮ ಮೂಲೆಯಲ್ಲಿ ಕೂತು ಅತ್ತಳು. ನನ್ನ ಜೊತೆ ಮಾತಾಡಿಲ್ಲ.

೩೧ ಆಗಸ್ಟ್, ಭಾನುವಾರ

ಗಣೇಶನ ಹಬ್ಬ. ಕಡುಬು ಮಾಡಲಿಲ್ಲ.

೧೪ ಸೆಪ್ಟೆಂಬರ್, ಭಾನುವಾರ

ಸೊಸೆ ಹಬ್ಬ ಮುಗಿದರೂ ಬಂದಿಲ್ಲ. ಕಿರಣ ಹೋಗಿ ಕರೆದನಂತೆ, ಮಾವ ಇರುವ ಮನೆಗೆ ಬರುವುದಿಲ್ಲ ಎಂದಳಂತೆ. ಅವನು ಬೇಲೂರಿನಲ್ಲೇ ರೂಮು ನೋಡುತ್ತಿದ್ದಾನೆ. ರುಕ್ಮಿಣಮ್ಮ ಇದನ್ನು ಹೇಳಿದ್ದು ನನಗಲ್ಲ, ಗೋಡೆಗೆ.

ಕೊಡೆ ಸತ್ತಿತು. ಎತ್ತಿದರೆ ಕೈಯಲ್ಲೇ ಕರಗಿ ಹೋಯಿತು, ರೂಮೆಲ್ಲ ಕೊಳೆತ ಮೀನಿನ ವಾಸನೆ. ಅಣಬೆ ಒಂದೂ ಇಲ್ಲ. ಕೆಂಡದ ಮುಖಗಳು ಒಂದೊಂದಾಗಿ ಉದುರುತ್ತಿವೆ. ಅವಳು ಇಲ್ಲಿಲ್ಲದೆ ಎರಡು ವಾರವಾಗಿದೆ. ಹಾಗಾದರೆ ಅವಳು ಹಾಕಿಹೋದದ್ದು ಇನ್ನೂ ನೀರಿನಲ್ಲಿ ಇರಬೇಕು. ಅಥವಾ ಮೀನು ಲಾರಿಯವನು ಬಂದರಿನ ಕೊಳಕು ನೀರು ತುಂಬಿಕೊಡುತ್ತಿರಬೇಕು. ಅಥವಾ ತಿಮ್ಮೇಶ ಅವನಿಗೆ ಏನಾದರೂ ಹೇಳಿಕೊಟ್ಟಿರಬೇಕು.

ಹಂಡೆಯನ್ನು ಈಗ ದಿನ ಬಿಟ್ಟು ದಿನ ತಿಕ್ಕುತ್ತಿದ್ದೇನೆ. ಈ ಮನೆಯಲ್ಲಿ ನಂಬಬಹುದಾದದ್ದು ಅದೊಂದೇ.

ಸಂಜೆ ಹಜಾರದಲ್ಲಿ ಕೂತಿದ್ದೆ. ಈ ಹೊತ್ತಿಗೆ ಮಧುಶ್ರೀ ಬಾಗಿಲಿಗೆ ದೀಪ ಇಟ್ಟು ಬಂದು, ಮಾವ ಕಾಫಿ ಈಗಲೋ ಆಮೇಲೋ ಎಂದು ಕೇಳುತ್ತಿದ್ದಳು. ಇವತ್ತು ಯಾರೂ ಕೇಳಲಿಲ್ಲ.

೨೧ ಸೆಪ್ಟೆಂಬರ್, ಭಾನುವಾರ

ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ತೊಟ್ಟಿಯ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡು ಬೇಲೂರಿನ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ತಿಮ್ಮೇಶನನ್ನು ಎದುರಿಗೇ ಹಿಡಿಯಬೇಕು ಎಂದಿತ್ತು. ದಾರಿಯುದ್ದಕ್ಕೂ ಏನು ಬೈಯಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಸ್ಟುಡಿಯೋ ಹಿಂದಿನ ಮನೆಗೆ ನುಗ್ಗಿ ಅವನ ತೊಟ್ಟಿಯ ಮುಂದೆ ನಿಂತೆ. ಎದುರಿಗೇ ಇತ್ತು. ನನ್ನ ಕೆಂಡ. ಕಿತ್ತಳೆ ಮುಖ, ಹಸಿರು ಅಂಚು, ತುಂಬಾ ಬಿಚ್ಚಿಕೊಂಡು ಕೂತಿದೆ. ಪಕ್ಕದಲ್ಲಿ ಹೊಸದಾಗಿ ಒಡೆದ ಮರಿ ಮುಖಗಳೂ ಇದ್ದವು.

ಕಳ್ಳ ಎಂದೆ. ಇನ್ನೂ ಏನೇನೋ ಅಂದೆ. ಅವನು ಕುರ್ಚಿ ಎಳೆದು ಕೂರಿಸಿದ.

"ಕದ್ದಿದ್ದಲ್ಲ ಅಣ್ಣ. ನಿಮ್ ಸೊಸೆ ಕಳಿಸಿದ್ದು. ಕಿರಣ ಥರ್ಮಾಸ್ ಫ್ಲಾಸ್ಕ್‌ನಲ್ಲಿ ಇಟ್ಕೊಂಡು ತಂದ. ಅಲ್ಲಿ ದಿನಕ್ಕೊಂದು ಸಾಯ್ತಾ ಐತೆ, ಎಲ್ಲಾ ಹೋದ್ರೆ ನನ್ ಮೇಲೇ ಬತ್ತೈತೆ, ಒಂದಾದ್ರೂ ಬದುಕಿದ್ರೆ ಮಾವಂಗೆ ವಾಪಸ್ ಕೊಡ್ಬೋದು ಅಂತ ಹೇಳಿ ಕಳ್ಸಿತ್ತು ಆ ಹುಡುಗಿ."

ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ನಾನು ಅದನ್ನು ಮತ್ತೆ ಅದೇ ನೀರಿಗೆ ತಂದುಹಾಕುತ್ತೇನೆ, ಇದೂ ಸಾಯುತ್ತದೆ, ನೀರಿನ ರೋಗ ಗೊತ್ತಾಗುವ ತನಕ ಬಾಯಿ ಬಿಡಬೇಡಿ ಎಂದು ಅವಳೇ ಕೇಳಿಕೊಂಡಿದ್ದಳಂತೆ. ಅದಕ್ಕೇ ಇವನು ನೀರು ತನ್ನಿ ತನ್ನಿ ಎಂದು ಫೋನ್ ಮಾಡುತ್ತಿದ್ದದ್ದು. ಊಟದ ಹೊತ್ತಿನಲ್ಲಿ ಅವಳು ಗಂಡನ ಕಡೆ ನೋಡಿದ್ದು, ಇಲ್ಲ ಎನ್ನದೆ ತಟ್ಟೆ ಎತ್ತಿಕೊಂಡು ಹೋದದ್ದು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

ಬಾಟಲಿ ಕೊಟ್ಟೆ. ಮೀನಿಗೆ ಚುಕ್ಕೆ ರೋಗ ಬಂದರೆ ಹಾಕುವ ಔಷಧಿಯಲ್ಲಿ ತಾಮ್ರ ಇರುತ್ತದಂತೆ. ಅದನ್ನು ಅಳೆಯಲು ಅವನ ಹತ್ತಿರ ಹನಿ ಹಾಕಿ ನೋಡುವ ಸೀಸೆ ಇತ್ತು. ನನ್ನ ನೀರಿಗೆ ಹನಿ ಹಾಕಿದ. ಬಣ್ಣ ಏರುತ್ತಲೇ ಹೋಯಿತು, ಸೀಸೆಯ ಜೊತೆ ಕೊಟ್ಟಿದ್ದ ಬಣ್ಣದ ಪಟ್ಟಿಯ ಕೊನೆ ದಾಟಿತು. ಔಷಧಿ ಏನಾದ್ರೂ ಹಾಕಿದ್ರಾ ಎಂದ. ಇಲ್ಲ ಎಂದೆ. ದಿನಾ ಸೇರಿಸೋ ಸಿಹಿನೀರು ಯಾವುದರಲ್ಲಿ ಇಡ್ತೀರಿ ಎಂದ.

ಹೇಳಿದೆ. ಹುಣಸೆಹಣ್ಣಿನ ವಿಷಯವನ್ನೂ ಹೇಳಿದೆ.

ಅವನು ಸೀಸೆಯ ಮುಚ್ಚಳ ತಿರುಗಿಸಿ ಕೆಳಗಿಟ್ಟ. "ಹವಳಕ್ಕೆ ತಾಮ್ರ ವಿಷ ಕಣಣ್ಣ" ಎಂದಷ್ಟೇ ಹೇಳಿದ.

೨೨ ಸೆಪ್ಟೆಂಬರ್, ಸೋಮವಾರ

ಹಂಡೆಯ ನೀರನ್ನು ತೆಂಗಿನ ಬುಡಕ್ಕೆ ಸುರಿದೆ. ಕೆಂಡದಲ್ಲಿ ಉಳಿದಿದ್ದ ಕೊನೆಯ ಮುಖವೂ ಉದುರಿದೆ. ರುಕ್ಮಿಣಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೨೮ ಸೆಪ್ಟೆಂಬರ್, ಭಾನುವಾರ

ಕಣಕಟ್ಟೆಗೆ ಹೋಗಿಬಂದೆ. ಒಬ್ಬನೇ ಹೋದೆ. ನಾನೂ ಬರುತ್ತೇನೆ ಎಂದ ರುಕ್ಮಿಣಮ್ಮನನ್ನು ಬೇಡ ಎಂದೆ.

ಕಾಳಯ್ಯ ಜಗುಲಿಯ ಮೇಲೆ ಕಾಯಿ ಸುಲಿಯುತ್ತಿದ್ದರು. ಬನ್ನಿ ಎಂದರು, ಬೀಗರೇ ಎನ್ನಲಿಲ್ಲ. ಅವಳ ತಾಯಿ ಮಾದಮ್ಮ ನೀರು ತಂದಿಟ್ಟು ಒಳಗೆ ಹೋದರು. ಕಾಫಿ ಬರಲಿಲ್ಲ. ನಾನು ಅದಕ್ಕೆ ತಕ್ಕವನೇ.

ಮಧುಶ್ರೀ ಬಾಗಿಲ ಹತ್ತಿರ ಬಂದು ನಿಂತಳು. ಬರುವಾಗ ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ನೀನು ಏನೂ ಮಾಡಿಲ್ಲಮ್ಮ, ಎಲ್ಲವನ್ನೂ ಕೊಂದದ್ದು ನಾನೇ, ಹಂಡೆಯ ತಾಮ್ರದಿಂದ ಆದದ್ದು ಎಂದೆ. ನಿಮ್ಮಪ್ಪನ ಮುಂದೆ ಬ್ಯಾಗ್ ತೆಗೆಸಿದ್ದಕ್ಕೆ ನನಗೆ ಕ್ಷಮೆ ಕೇಳುವ ಯೋಗ್ಯತೆಯೂ ಇಲ್ಲ ಎಂದೆ. ಕಾಳಯ್ಯ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಅವಳು ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ತಾಮ್ರ ಅಂತ ಗೊತ್ತಾಗ್ದೇ ಹೋಗಿದ್ರೆ ನೀವು ಇಲ್ಲಿಗೆ ಬತ್ತಿದ್ರಾ ಮಾವ?"

ಬರುತ್ತಿದ್ದೆ ಎನ್ನಬಹುದಿತ್ತು. ನೆಲ ನೋಡಿಕೊಂಡು ಕೂತೆ. ಅವಳು ಒಳಗೆ ಹೋದಳು. ಕೊನೆಯ ಬಸ್ಸಿಗೆ ಹೊರಟಾಗ ಕಾಳಯ್ಯ ನಿಲ್ದಾಣದ ತನಕ ಬಂದರು. ನಾನು ಹೇಳಿ ನೋಡ್ತೀನಿ, ಅವಳ ಮನಸ್ಸು ಅವಳದು ಎಂದರು.

೯ ಅಕ್ಟೋಬರ್, ಗುರುವಾರ

ಆಯುಧಪೂಜೆ ಕಳೆದ ಮೇಲೆ ಕಿರಣ ಹೋಗಿ ಕರೆದುಕೊಂಡು ಬಂದ. ಮಧುಶ್ರೀ ಬಂದಳು. ಗಂಡನಿಗಾಗಿ, ಅತ್ತೆಗಾಗಿ ಬಂದಿದ್ದಾಳೆ ಎಂದು ನನಗೆ ಗೊತ್ತು. ಬಂದಳಲ್ಲ, ಅಷ್ಟು ಸಾಕು. ಮುಂದಿನ ರೂಮಿನ ಬೀಗವನ್ನು ಕೀಲಿಯ ಸಮೇತ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದೇನೆ.

ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತೊಳೆದೆ, ಹಳೆಯ ಮರಳು, ಕಲ್ಲು ಎಲ್ಲ ಎಸೆದೆ. ಹೊಸ ಸಮುದ್ರದ ನೀರು, ಹೊಸ ಪ್ಲಾಸ್ಟಿಕ್ ಡ್ರಮ್ಮು. ತಿಮ್ಮೇಶನೂ ಬಂದು ನೋಡಿದ. ಇನ್ನು ಸ್ವಲ್ಪ ದಿನ ನೀರು ಹದವಾಗಲಿ, ಆಮೇಲೆ ಕೆಂಡ ತಂದುಕೊಡ್ತೀನಿ ಎಂದ. ಅರ್ಧ ನೀನೇ ಇಟ್ಟುಕೋ ಎಂದೆ. ಅವನು ನಂಬದವನ ಹಾಗೆ ನನ್ನನ್ನೇ ನೋಡಿದ.

ಊಟಕ್ಕೆ ನಾಲ್ಕೂ ಜನ ಕೂತೆವು. ರುಕ್ಮಿಣಮ್ಮ ಬಹಳ ದಿನದ ಮೇಲೆ ನನ್ನ ಜೊತೆ ಜಗಳ ಆಡಿದಳು. ಸಂತೋಷವಾಯಿತು.

೯ ನವೆಂಬರ್, ಭಾನುವಾರ

ಕೆಂಡ ಬಂದು ವಾರವಾಯಿತು. ದಿನಾ ಬೆಳಗ್ಗೆ ಲೈಟು ಹಾಕಿದೊಡನೆ ಬಿಚ್ಚುತ್ತಿತ್ತು. ಇವತ್ತು ಮಧ್ಯಾಹ್ನ ಡ್ಯೂಟಿಯಿಂದ ಬಂದು ನೋಡಿದೆ, ಎಲ್ಲ ಮುಖಗಳೂ ಮುಚ್ಚಿಕೊಂಡಿದ್ದವು.

ಏನೂ ಇಲ್ಲ, ಪಂಪಿನ ಬಾಯಿ ಒಂದಿಷ್ಟು ಅದರ ಕಡೆಗೇ ತಿರುಗಿತ್ತು, ನೀರು ರಭಸವಾಗಿ ಹೊಡೆಯುತ್ತಿತ್ತು. ನಾನೇ ಬೆಳಗ್ಗೆ ಗಾಜು ಒರೆಸುವಾಗ ತಿರುಗಿಸಿರಬೇಕು. ಸರಿಮಾಡಿದೆ. ಬಿಚ್ಚುತ್ತದೆಯೋ ಇಲ್ಲವೋ ನೋಡೋಣ ಎಂದು ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದೆ. ಯಾರ ಹೆಸರೂ ನನ್ನ ಮನಸ್ಸಿಗೆ ಬರಲಿಲ್ಲ, ಇದು ಸತ್ಯ. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು?

ಹಿಂದಿನಿಂದ ಬಳೆ ಸದ್ದಾಯಿತು. ಮಧುಶ್ರೀ ಕಾಫಿ ಲೋಟ ಹಿಡಿದು ಹೊಸ್ತಿಲ ಆಚೆಗೇ ನಿಂತಿದ್ದಳು. ಮುಚ್ಚಿಕೊಂಡಿದ್ದ ಹವಳವನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ಮುಖದ ಬಣ್ಣವೇ ಇಳಿಯಿತು.

"ನಾನು ಬೆಳಗ್ಗೆಯಿಂದ ಈ ಕಡೆ ಬಂದೇ ಇಲ್ಲ ಮಾವ" ಎಂದಳು.

ನಾನು ಏನೂ ಕೇಳಿರಲಿಲ್ಲ.